ಐ-35ರ ಮೇಲೆ ಆರು ರಾಜ್ಯ

ಅಕ್ಕನ ಮಗ ಗುರುವಿಗೆ ಮಿನಿಯಾಪೊಲಿಸ್‌ನಲ್ಲಿ ಹೊಸ ಕೆಲಸ ಸಿಕ್ಕಿತು. ನಾನು ಆಗ ಪುಣೆಯಿಂದ ಹೋಗಿ ಹೂಸ್ಟನ್‌ನಲ್ಲಿ ಅವನ ಮನೆಯಲ್ಲೇ ಇದ್ದೆ. ಸಾಮಾನೆಲ್ಲ ಲಾರಿಯಲ್ಲಿ ಮುಂದೆ ಹೋಯಿತು. ಕಾರು ಮಾತ್ರ ಉಳಿದಿತ್ತು. “ಮಾಮಾ, ವಿಮಾನದಾಗ ಹೋದ್ರ ಮೂರು ತಾಸು, ನನ್ನ ಜೋಡಿ ಕಾರಿನಾಗ ಬಂದ್ರ ನಾಲ್ಕು ದಿನ. ಆದ್ರ ನಡುವಿನ ಅಮೆರಿಕಾ ಪೂರ್ತಿ ನೋಡ್ತೀರಿ” ಅಂದ. ನಾನು ನಿವೃತ್ತ ಮನುಷ್ಯ. ನಾಲ್ಕು ದಿನ ನನಗೆ ದೊಡ್ಡದಲ್ಲ.

ನಕಾಶೆ ಬಿಡಿಸಿ ನೋಡಿದೆ. ಹೂಸ್ಟನ್‌ನಿಂದ ಡಲ್ಲಾಸ್‌ವರೆಗೆ ಐ-45. ಅಲ್ಲಿಂದ ಮುಂದೆ ಐ-35 ಎಂಬ ಹೆದ್ದಾರಿ ಗೆರೆ ಎಳೆದ ಹಾಗೆ ಉತ್ತರಕ್ಕೆ ಹೋಗುತ್ತದೆ. ಟೆಕ್ಸಾಸ್, ಓಕ್ಲಹೋಮ, ಕಾನ್ಸಾಸ್, ಮಿಸೌರಿ, ಅಯೋವಾ, ಮಿನ್ನೆಸೋಟ. ಆರು ರಾಜ್ಯ. ಈ ಆರರ ಹೆಸರು ಒಟ್ಟಿಗೆ ನೋಡಿದಾಗ ನನ್ನ ಹಳೆಯ ಚಾಳಿ ಎದ್ದುಕೊಂಡಿತು. ಮೂವತ್ತು ವರ್ಷ ಸೆಷನ್ಸ್ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನು ನಾನು. ಕೊಲೆ ಕೇಸುಗಳ ತೀರ್ಪು ಟೈಪು ಮಾಡಿದ್ದಕ್ಕೆ ಲೆಕ್ಕವಿಲ್ಲ. ಒಂದೇ ಒಂದು ಸಲ ಮರಣದಂಡನೆಯ ತೀರ್ಪು ಟೈಪು ಮಾಡಿದೆ. ಸಾಹೇಬರು ಸಹಿ ಹಾಕಿ ಪೆನ್ನಿನ ನಿಬ್ಬನ್ನು ಮೇಜಿಗೆ ಒತ್ತಿ ಮುರಿದರು. ಹಾಗೆ ಮಾಡುವ ರೂಢಿ ಇದೆ ಎಂದು ಕೇಳಿದ್ದೆ, ಕಂಡದ್ದು ಅಂದೇ. ಸೆಷನ್ಸ್ ಕೋರ್ಟು ಕೊಟ್ಟ ಗಲ್ಲು ಶಿಕ್ಷೆಯನ್ನು ಹೈಕೋರ್ಟು ದೃಢಪಡಿಸಬೇಕು. ಅಲ್ಲಿ ಅದು ಜೀವಾವಧಿಗೆ ಇಳಿಯಿತು. ನನಗೆ ಸಮಾಧಾನವಾಯಿತೋ ಬೇಸರವಾಯಿತೋ ಇವತ್ತಿಗೂ ಹೇಳಲಾರೆ. ಸತ್ತ ಹುಡುಗಿಯ ತಂದೆ ಕೋರ್ಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ದಿನವೂ ಬಂದು ಕೂಡುತ್ತಿದ್ದದ್ದು ಕಣ್ಣಮುಂದೆ ಇದೆ.

ಪುಣೆಯಿಂದ ಊರಿಗೆ ಹೋಗುವ ನಮಗೆಲ್ಲ ಕಾಗಲ್ ದಾಟಿ ನಿಪ್ಪಾಣಿ ಕಡೆ ಬರುವ ಅನುಭವ ಗೊತ್ತು. ಬೋರ್ಡಿನ ಲಿಪಿ ಬದಲಾಗುತ್ತದೆ, ಪೆಟ್ರೋಲಿನ ದರ ಬದಲಾಗುತ್ತದೆ, ಚಹಾದ ರುಚಿಯೂ. ಕೊಲೆಯ ಕಲಮು ಬದಲಾಗುವುದಿಲ್ಲ. ಆಚೆ 302 ಎಂದರೆ ಈಚೆಗೂ 302 ಇತ್ತು, ಈಗ ಎರಡೂ ಕಡೆ ಅದು 103 ಆಗಿದೆ. ಯರವಡಾದಲ್ಲಾದರೂ ಹಿಂಡಲಗಾದಲ್ಲಾದರೂ ಹಗ್ಗ ಒಂದೇ. ಅಮೆರಿಕಾದಲ್ಲಿ ಹಾಗಲ್ಲ. ಕೊಲೆ ಎಂದರೇನು, ಅದಕ್ಕೆ ಶಿಕ್ಷೆ ಏನು ಎಂಬುದನ್ನು ಒಂದೊಂದು ರಾಜ್ಯವೂ ತಾನೇ ಬರೆದುಕೊಂಡಿದೆ. 50 ರಾಜ್ಯಗಳಲ್ಲಿ 27ರ ಕಾಯ್ದೆಯಲ್ಲಿ ಮರಣದಂಡನೆ ಇದೆ, 23ರಲ್ಲಿ ಇಲ್ಲ. ಇರುವಲ್ಲೂ ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾಗಳಂಥ ಕಡೆ ಗವರ್ನರು ತಡೆ ಹಾಕಿಟ್ಟಿದ್ದಾರೆ. ಶಿಕ್ಷೆ ಕೊಡುತ್ತಾರೆ, ಜಾರಿ ಮಾಡುವುದಿಲ್ಲ. ನಾವು ಹೊರಟ ದಾರಿಯಲ್ಲಿ ಈ ಎಲ್ಲ ಬಗೆಯೂ ಸಿಗುತ್ತವೆ ಎಂದು ಗುರುವಿಗೆ ಹೇಳಿದೆ. “ಜನ ಬರಗರ್, ಬ್ರಿಡ್ಜ್ ನೋಡ್ತಾರ, ನೀವು ಗಲ್ಲು ನೋಡ್ತೀರಿ” ಎಂದು ನಕ್ಕ. ಆದರೆ ಹಂಟ್ಸ್‌ವಿಲ್‌ನಲ್ಲಿ ಕಾರು ತಿರುಗಿಸಿದ.

ಹಂಟ್ಸ್‌ವಿಲ್ ಹೂಸ್ಟನ್‌ನಿಂದ ಸುಮಾರು 110 ಕಿಲೋಮೀಟರು. ಪೈನ್ ಮರಗಳ ನಡುವಿನ ಸಣ್ಣ ಊರು, ಒಂದು ವಿಶ್ವವಿದ್ಯಾಲಯ, ಹೆದ್ದಾರಿಯಿಂದಲೇ ಕಾಣುವ ಸ್ಯಾಮ್ ಹೂಸ್ಟನ್‌ನ ಬೃಹತ್ ಬಿಳಿ ಪ್ರತಿಮೆ. ಊರ ನಡುವೆ ಕೆಂಪು ಇಟ್ಟಿಗೆಯ ಎತ್ತರದ ಗೋಡೆಯ ಜೈಲು. ಗೋಡೆಯಿಂದಲೇ ಅದಕ್ಕೆ ‘ವಾಲ್ಸ್’ ಎಂದು ಹೆಸರು. ನಾನು ನಿರೀಕ್ಷಿಸಿದ್ದು ಊರ ಹೊರಗಿನ ಬೀಡು. ಇಲ್ಲಿ ನೋಡಿದರೆ ನಾಲ್ಕು ಹೆಜ್ಜೆಗೆ ವಾಸದ ಮನೆಗಳು, ಹುಲ್ಲಿಗೆ ನೀರು ಬಿಡುತ್ತಿರುವ ಮುದುಕ. 1982ರ ಡಿಸೆಂಬರ್ 7ರಂದು ಜಗತ್ತಿನಲ್ಲೇ ಮೊದಲ ಬಾರಿಗೆ ವಿಷದ ಇಂಜೆಕ್ಷನ್ ಕೊಟ್ಟು ಕೈದಿಯನ್ನು ಕೊಂದದ್ದು ಈ ಗೋಡೆಯ ಒಳಗೆ. ಅಂದಿನಿಂದ ಟೆಕ್ಸಾಸ್ 590ಕ್ಕೂ ಹೆಚ್ಚು ಜನರಿಗೆ ಇಲ್ಲೇ ಶಿಕ್ಷೆ ಜಾರಿ ಮಾಡಿದೆ. ಬೇರೆ ಯಾವ ರಾಜ್ಯವೂ ಈ ಸಂಖ್ಯೆಯ ಹತ್ತಿರವಿಲ್ಲ. ಸಾಯುವ ಕೈದಿಗಳು ಇಲ್ಲಿ ಇರುವುದಿಲ್ಲ. ಲಿವಿಂಗ್‌ಸ್ಟನ್ ಹತ್ತಿರದ ಇನ್ನೊಂದು ಜೈಲಿನಿಂದ ಅದೇ ದಿನ ವ್ಯಾನಿನಲ್ಲಿ ಕರೆತರುತ್ತಾರೆ. ಸಂಜೆ ಆರರ ನಂತರ ಕೆಲಸ. ಸತ್ತವರ ಮನೆಯವರಿಗೆ ಒಂದು ಕೋಣೆ, ಸಾಯುವವನ ಮನೆಯವರಿಗೆ ಇನ್ನೊಂದು. ನಡುವೆ ಗೋಡೆ. ಕೊನೆಯ ಮಾತನ್ನು ಬರೆದುಕೊಂಡು ಜೈಲು ಇಲಾಖೆಯೇ ಪ್ರಕಟಿಸುತ್ತದೆ. ಕೊನೆಯ ಊಟದಲ್ಲಿ ಬೇಕಾದ್ದು ಕೇಳುವ ಪದ್ಧತಿ ಮಾತ್ರ 2011ರಲ್ಲಿ ನಿಂತಿತು. ಒಬ್ಬ ಕೈದಿ ರಾಶಿ ಊಟ ತರಿಸಿಕೊಂಡು ಒಂದು ತುತ್ತೂ ತಿನ್ನಲಿಲ್ಲವೆಂದು ಸಿಟ್ಟಾದರಂತೆ. ಈಗ ಉಳಿದ ಕೈದಿಗಳಿಗೆ ಏನೋ ಅದೇ.

ಹೆದ್ದಾರಿಯ ಬದಿಗೆ ಟೆಕ್ಸಾಸ್ ಜೈಲು ವಸ್ತುಸಂಗ್ರಹಾಲಯವಿದೆ. ಟಿಕೆಟ್ ಕೊಟ್ಟ ಹೆಂಗಸು ಬಹಳ ಅಕ್ಕರೆಯವಳು, ಎಲ್ಲಿಂದ ಬಂದಿರಿ ಎಂದು ಕೇಳಿ ‘ಪುಣೆ’ಯನ್ನು ಮೂರು ಸಲ ಹೇಳಿಸಿದಳು. ಒಳಗೆ ‘ಓಲ್ಡ್ ಸ್ಪಾರ್ಕಿ’ ಇದೆ. ಕೈದಿಗಳೇ ಮಾಡಿದ ಮರದ ಕುರ್ಚಿ. 1924ರಿಂದ 1964ರವರೆಗೆ 361 ಜನ ಇದರ ಮೇಲೆ ಕೂತು ಸತ್ತರು. ಚರ್ಮದ ಪಟ್ಟಿಗಳು ಹಾಗೇ ಇವೆ. ನಾನು ಹೆದರಬಹುದು ಎಂದುಕೊಂಡಿದ್ದೆ. ಹೆದರಿಕೆಯಾಗಲಿಲ್ಲ, ಕುರ್ಚಿಯ ಕೈಗಳು ನುಣುಪಾಗಿದ್ದವು, ನಮ್ಮ ಕೋರ್ಟಿನ ಸಾಕ್ಷಿ ಕಟ್ಟೆಯ ಕಟಾಂಜನದ ಹಾಗೆ. ಅದು ಹೆಚ್ಚು ಕಷ್ಟವಾಯಿತು. ಹೊರಗೆ ಬರುವಾಗ ಅಂಗಡಿಯಲ್ಲಿ ಕೈದಿಗಳು ಮಾಡಿದ ಕರಕುಶಲ ಸಾಮಾನು ಇತ್ತು. ಕೊಳ್ಳಲಿಲ್ಲ.

ಊರಿನಲ್ಲೇ ಜೈಲಿನ ಸ್ಮಶಾನ. ವಾರಸುದಾರರು ಬಾರದ ಕೈದಿಗಳನ್ನು ಮಣ್ಣು ಮಾಡುವ ಜಾಗ. ಕಾಂಕ್ರೀಟಿನ ಶಿಲುಬೆಗಳು ಸಾಲು ಸಾಲು, ಸಾವಿರಗಟ್ಟಲೆ. ಹಳೆಯ ಕೆಲವು ಕಲ್ಲುಗಳ ಮೇಲೆ ಹೆಸರೂ ಇಲ್ಲ. ನಂಬರು, ಮತ್ತು ಶಿಕ್ಷೆಯಿಂದ ಸತ್ತವನಾದರೆ ‘ಎಕ್ಸ್’ ಎಂಬ ಒಂದು ಅಕ್ಷರ.

ಟೆಕ್ಸಾಸ್‌ನಲ್ಲಿ ಎಲ್ಲ ಕೊಲೆಗೂ ಈ ಶಿಕ್ಷೆ ಇಲ್ಲ. ಪೊಲೀಸನನ್ನು ಕೊಂದರೆ, ದರೋಡೆ ಅತ್ಯಾಚಾರ ಅಪಹರಣದಂಥ ಇನ್ನೊಂದು ಅಪರಾಧದ ನಡುವೆ ಕೊಂದರೆ, ಸುಪಾರಿ ಪಡೆದು ಕೊಂದರೆ, ಒಬ್ಬರಿಗಿಂತ ಹೆಚ್ಚು ಜನರನ್ನು ಕೊಂದರೆ, ಚಿಕ್ಕ ಮಗುವನ್ನು ಕೊಂದರೆ: ಹೀಗೆ ಒಂದು ಪಟ್ಟಿ. ತಪ್ಪಿತಸ್ಥ ಎಂದಾದ ಮೇಲೆ ಜ್ಯೂರಿಯ 12 ಜನಕ್ಕೆ ಒಂದು ಪ್ರಶ್ನೆ ಹಾಕುತ್ತಾರೆ: ಇವನು ಮುಂದೆಯೂ ಸಮಾಜಕ್ಕೆ ಅಪಾಯಕಾರಿ ಆಗಬಹುದೇ? ನಡೆದದ್ದನ್ನು ಸಾಕ್ಷಿಯಿಂದ ತಿಳಿಯುವುದೇ ಎಷ್ಟು ಕಷ್ಟ ಎಂದು ನಾನು ಬಲ್ಲೆ. ನಡೆಯಲಿರುವುದನ್ನು 12 ಜನ ಊಹಿಸಬೇಕು. ಜೊತೆಗೆ, ಕೊಂದವನು ಇನ್ನೊಬ್ಬನಾದರೂ ಅಪರಾಧದಲ್ಲಿ ಜೊತೆಗಿದ್ದವನಿಗೂ ಮರಣದಂಡನೆ ಆಗುವ ಕಲಮೊಂದು ಅಲ್ಲಿದೆ. ಗವರ್ನರು ತಾನೇ ಶಿಕ್ಷೆ ಇಳಿಸುವಂತಿಲ್ಲ. ಕ್ಷಮಾ ಮಂಡಳಿ ಶಿಫಾರಸು ಮಾಡಬೇಕು. ತಮ್ಮಷ್ಟಕ್ಕೆ ಅವರು ಕೊಡಬಹುದಾದದ್ದು ಒಂದು ಸಲ, 30 ದಿನದ ಮುಂದೂಡಿಕೆ.

ರಾಜ್ಯದೊಳಗೂ ಒಂದೇ ಸಮನಿಲ್ಲ. ಮರಣದಂಡನೆ ಕೇಳಬೇಕೋ ಬೇಡವೋ ಎಂಬುದನ್ನು ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ ತೀರ್ಮಾನಿಸುತ್ತಾರೆ. ಅವರು ಚುನಾವಣೆಯಲ್ಲಿ ಗೆದ್ದು ಬಂದವರು. ಟೆಕ್ಸಾಸಿಗೆ 254 ಕೌಂಟಿ. ಹೂಸ್ಟನ್ ಇರುವ ಹ್ಯಾರಿಸ್ ಕೌಂಟಿ ಒಂದೇ ಅಮೆರಿಕಾದ ಹೆಚ್ಚಿನ ಪೂರ್ತಿ ರಾಜ್ಯಗಳಿಗಿಂತ ಹೆಚ್ಚು ಜನರನ್ನು ಆ ಕೆಂಪು ಗೋಡೆಯೊಳಗೆ ಕಳಿಸಿದೆ. ಇಂಥ ಕೇಸು ನಡೆಸಲು ದುಡ್ಡು ಬಹಳ ಬೇಕು, ಸಣ್ಣ ಕೌಂಟಿಗಳಿಗೆ ಅದು ಕೈಗೆಟುಕದು.

ಆ ರಾತ್ರಿ ಉಳಿದದ್ದು ಡಲ್ಲಾಸ್ ಪಕ್ಕದ ಮೆಸ್ಕೀಟ್‌ನಲ್ಲಿ. ಮೋಟೆಲಿನವರು ಗುಜರಾತಿಗಳು. ರಾತ್ರಿ ಚಹಾ ಮಾಡಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಮೆಸ್ಕೀಟ್‌ಗೇ ಬರಬೇಕೆಂದು ನಾನೇ ಗುರುವಿಗೆ ಹೇಳಿದ್ದೆ. 2001ರ ಅಕ್ಟೋಬರ್ 4ರಂದು ಇದೇ ಊರಿನ ಒಂದು ಪೆಟ್ರೋಲ್ ಬಂಕಿನಲ್ಲಿ ವಾಸುದೇವ ಪಟೇಲ್ ಎಂಬ ಗುಜರಾತಿಯನ್ನು ಒಬ್ಬ ಗುಂಡಿಟ್ಟು ಕೊಂದ. ಅವಳಿ ಗೋಪುರ ಉರುಳಿದ ಮೇಲಿನ ವಾರಗಳವು. ಕಂದು ಮೈಬಣ್ಣದವರೆಲ್ಲ ಆ ಮನುಷ್ಯನಿಗೆ ಅರಬರಾಗಿ ಕಂಡರು. ಅದಕ್ಕೂ ಮೊದಲು ಡಲ್ಲಾಸ್‌ನಲ್ಲಿ ವಕಾರ್ ಹಸನ್ ಎಂಬ ಪಾಕಿಸ್ತಾನಿಯನ್ನು ಕೊಂದಿದ್ದ, ರಯೀಸ್ ಭುಯ್ಯಾ ಎಂಬ ಬಾಂಗ್ಲಾದೇಶದ ತರುಣನ ಮುಖಕ್ಕೆ ಗುಂಡು ಹಾರಿಸಿದ್ದ. ರಯೀಸ್ ಬದುಕಿದರು, ಒಂದು ಕಣ್ಣು ಹೋಯಿತು.

ಆ ಮನುಷ್ಯನ ಹೆಸರು ಮಾರ್ಕ್ ಸ್ಟ್ರೋಮನ್. ಪಟೇಲರ ಕೊಲೆಗೆ ಮರಣದಂಡನೆಯಾಯಿತು. ದ್ವೇಷಕ್ಕಾಗಿ ಅಲ್ಲ, ಗಮನಿಸಿ. ಟೆಕ್ಸಾಸಿನ ಆ ಪಟ್ಟಿಯಲ್ಲಿ ದ್ವೇಷ ಎಂಬ ಕಲಮು ಇಲ್ಲ. ಅವನು ಬಂಕಿನಲ್ಲಿ ಗಲ್ಲಾಪೆಟ್ಟಿಗೆಯ ದುಡ್ಡು ಕೇಳಿದ್ದ. ದರೋಡೆಯ ನಡುವಿನ ಕೊಲೆ ಎಂಬ ಕಲಮು ಹಿಡಿಯಿತು. 2011ರಲ್ಲಿ ತಾರೀಖು ನಿಗದಿಯಾದಾಗ ಅವನ ಜೀವ ಉಳಿಸಲು ಓಡಾಡಿದವರು ಯಾರು ಗೊತ್ತೇ? ಕಣ್ಣು ಕಳೆದುಕೊಂಡ ರಯೀಸ್. ಸಹಿ ಸಂಗ್ರಹಿಸಿದರು, ಕೋರ್ಟಿಗೆ ಹೋದರು, ಅಪರಾಧಕ್ಕೆ ಬಲಿಯಾದವನಾಗಿ ತನ್ನ ಮಾತು ಕೇಳಬೇಕು ಎಂದು ವಾದಿಸಿದರು. ಕೋರ್ಟು ಒಪ್ಪಲಿಲ್ಲ. ಜುಲೈ 20ರಂದು ಹಂಟ್ಸ್‌ವಿಲ್‌ನಲ್ಲಿ ಅವನಿಗೆ ಇಂಜೆಕ್ಷನ್ ಕೊಟ್ಟರು. ಆನಂದ್ ಗಿರಿಧರದಾಸ್ ಈ ಇಬ್ಬರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಮರುದಿನ ರೆಡ್ ರಿವರ್ ದಾಟಿದೆವು. ನದಿಯಾಚೆ ಓಕ್ಲಹೋಮ, ಮಣ್ಣು ನಿಜಕ್ಕೂ ಕೆಂಪು. ಇಂಜೆಕ್ಷನ್ನಿನ ಕಾಯ್ದೆಯನ್ನು ಎಲ್ಲರಿಗಿಂತ ಮೊದಲು, 1977ರಲ್ಲಿ, ಬರೆದದ್ದು ಈ ರಾಜ್ಯ. ಐದು ವರ್ಷದ ಮೇಲೆ ಬಳಸಿ ತೋರಿಸಿದ್ದು ಟೆಕ್ಸಾಸ್. ಜನಸಂಖ್ಯೆಗೆ ಹೋಲಿಸಿದರೆ ಟೆಕ್ಸಾಸನ್ನೂ ಓಕ್ಲಹೋಮ ಮೀರಿಸುತ್ತದೆ. ಔಷಧ ಕಂಪನಿಗಳು ತಮ್ಮ ಮದ್ದನ್ನು ಈ ಕೆಲಸಕ್ಕೆ ಕೊಡುವುದಿಲ್ಲ ಎಂದಾಗ ಒಂದೊಂದು ರಾಜ್ಯ ಒಂದೊಂದು ದಾರಿ ಹುಡುಕಿತು. ಓಕ್ಲಹೋಮ ಸಾಲಾಗಿ ಬರೆದಿಟ್ಟಿದೆ: ಇಂಜೆಕ್ಷನ್ ಆಗದಿದ್ದರೆ ನೈಟ್ರೋಜನ್, ಅದಾಗದಿದ್ದರೆ ವಿದ್ಯುತ್ತು, ಅದೂ ಆಗದಿದ್ದರೆ ಗುಂಡು. ನೈಟ್ರೋಜನ್ನನ್ನು ಮೊದಲು ಬಳಸಿದ್ದು ಮಾತ್ರ ಅಲಬಾಮಾ, 2024ರ ಜನವರಿಯಲ್ಲಿ. ಸೌತ್ ಕೆರೊಲಿನಾ 2025ರ ಮಾರ್ಚ್‌ನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದಿತು. ಓಕ್ಲಹೋಮದಲ್ಲೇ ರಿಚರ್ಡ್ ಗ್ಲಾಸಿಪ್ ಎಂಬುವನಿಗೆ ಮೂರು ಸಲ ಕೊನೆಯ ಊಟ ಬಡಿಸಿದರು. ಮೂರೂ ಸಲ ಕೊನೆಗಳಿಗೆಯಲ್ಲಿ ನಿಂತಿತು. 2025ರಲ್ಲಿ ಸುಪ್ರೀಂ ಕೋರ್ಟು ವಿಚಾರಣೆ ಹೊಸದಾಗಿ ಆಗಲಿ ಎಂದಿತು. ಅಲ್ಲಿ ಕೊಲೆ ಮಾಡಿದವನು ಬೇರೆ, ಅವನಿಗೆ ಆದದ್ದು ಜೀವಾವಧಿ. ಮಾಡಿಸಿದ ಎಂಬ ಆರೋಪದವನಿಗೆ ಸಾವು.

ಓಕ್ಲಹೋಮ ಸಿಟಿಯಲ್ಲಿ ಇಳಿದೆವು. 1995ರ ಏಪ್ರಿಲ್ 19ರಂದು ಲಾರಿ ಬಾಂಬು ಸ್ಫೋಟಿಸಿ 168 ಜನ ಸತ್ತ ಜಾಗ. ಹುಲ್ಲಿನ ಮೇಲೆ 168 ಖಾಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದಾರೆ, ಅದರಲ್ಲಿ 19 ಚಿಕ್ಕವು, ಮಕ್ಕಳವು. ಹಿಂದಿನ ದಿನ ನೋಡಿದ ಕುರ್ಚಿ ತಲೆಯಿಂದ ಹೋಗಿರಲಿಲ್ಲ. ಈ ಚಿಕ್ಕ ಕುರ್ಚಿಗಳ ಮುಂದೆ ನಿಂತವನಿಗೆ ಮರಣದಂಡನೆ ಬೇಡ ಎನ್ನುವ ವಾದವೆಲ್ಲ ನಾಲಿಗೆಗೆ ಬರುವುದಿಲ್ಲ. ನನಗಂತೂ ಬರಲಿಲ್ಲ.

ಇಲ್ಲಿ ಕಾನೂನು ಎರಡು ಪದರದ್ದು. ಕೇಂದ್ರ ಸರಕಾರಕ್ಕೂ ತನ್ನದೇ ಮರಣದಂಡನೆ ಇದೆ, ಅದು ರಾಜ್ಯದಲ್ಲಿ ಇರಲಿ ಬಿಡಲಿ ಎಲ್ಲಿಯಾದರೂ ಬರಬಹುದು. ಬಾಂಬಿಟ್ಟ ಟಿಮೊಥಿ ಮೆಕ್‌ವೇಯನ್ನು ವಿಚಾರಿಸಿದ್ದು ಕೇಂದ್ರದ ಕೋರ್ಟು. 2001ರ ಜೂನ್‌ನಲ್ಲಿ ಇಂಡಿಯಾನಾದ ಟೆರ್ರಹೋಟ್ ಜೈಲಿನಲ್ಲಿ ಅವನು ಸತ್ತಾಗ ಸಂತ್ರಸ್ತರ ಮನೆಯವರು ಇನ್ನೂರಕ್ಕೂ ಹೆಚ್ಚು ಜನ ಓಕ್ಲಹೋಮ ಸಿಟಿಯಲ್ಲೇ ಕುಳಿತು ಟಿ.ವಿ. ಪರದೆಯ ಮೇಲೆ ನೋಡಿದರು. ಮಗಳನ್ನು ಕಳೆದುಕೊಂಡ ಬಡ್ ವೆಲ್ಚ್ ಎಂಬ ತಂದೆ ಮಾತ್ರ ಅವನನ್ನು ಕೊಲ್ಲಬೇಡಿ ಎಂದು ಊರೂರು ಸುತ್ತಿ ಹೇಳುತ್ತಿದ್ದರು. ಜೊತೆಗಾರ ಟೆರ್ರಿ ನಿಕೋಲ್ಸ್‌ಗೆ ಕೇಂದ್ರದ ಕೋರ್ಟಿನಲ್ಲಿ ಜೀವಾವಧಿ ಆಯಿತು. ಓಕ್ಲಹೋಮ ರಾಜ್ಯ ಸುಮ್ಮನಿರಲಿಲ್ಲ, ತನ್ನ ಕಾಯ್ದೆಯಡಿ 161 ಕೊಲೆಗಳ ಆರೋಪ ಹೊರಿಸಿ ಮತ್ತೆ ವಿಚಾರಣೆ ಮಾಡಿತು. 2004ರಲ್ಲಿ ಆ ಜ್ಯೂರಿಯೂ ಒಮ್ಮತಕ್ಕೆ ಬರಲಿಲ್ಲ, ಮತ್ತೆ ಜೀವಾವಧಿ. ಮೆಕ್‌ವೇ ಸಿಕ್ಕಿಬಿದ್ದದ್ದು ಇದೇ ಐ-35ರ ಮೇಲೆ, ಪೆರ್ರಿ ಎಂಬ ಊರ ಹತ್ತಿರ. ಕಾರಿಗೆ ನಂಬರ್ ಪ್ಲೇಟ್ ಇರಲಿಲ್ಲವೆಂದು ಪೊಲೀಸನೊಬ್ಬ ತಡೆದಿದ್ದ. ಪೆರ್ರಿ ದಾಟುವಾಗ ಗುರು ಕನ್ನಡಿಯಲ್ಲಿ ಹಿಂದೆ ನೋಡಿಕೊಂಡ.

ಕಾನ್ಸಾಸ್ ಬಂದದ್ದು ಗೊತ್ತಾಗುವುದು ಹುಲ್ಲಿನಿಂದ. ಫ್ಲಿಂಟ್ ಹಿಲ್ಸ್ ಎಂಬ ಗುಡ್ಡಗಳ ಮೇಲೆ ಮರವೇ ಇಲ್ಲ, ಕಣ್ಣು ಹೋದಷ್ಟು ದೂರ ಹುಲ್ಲು, ಗಾಳಿ ಬೀಸಿದ ಕಡೆ ಬಾಗುವುದು. ಗುರು ಇಲ್ಲಿ ವಿಚಿಟಾದಲ್ಲಿ ಎಂ.ಎಸ್. ಓದಿದವನು. 2017ರಲ್ಲಿ ಇಲ್ಲೇ ಇದ್ದ. ಆ ವರ್ಷ ಫೆಬ್ರುವರಿ 22ರ ಸಂಜೆ ಕಾನ್ಸಾಸ್ ಸಿಟಿ ಪಕ್ಕದ ಓಲೇಥಾದ ಬಾರೊಂದರಲ್ಲಿ ಹೈದರಾಬಾದಿನ ಇಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಗೆಳೆಯನ ಜೊತೆ ಕೂತಿದ್ದರು. ನನ್ನ ದೇಶ ಬಿಟ್ಟು ಹೋಗಿ ಎಂದು ಕೂಗಿ ಒಬ್ಬ ಗುಂಡು ಹಾರಿಸಿದ. ಶ್ರೀನಿವಾಸ್ ಸತ್ತರು. ಗೆಳೆಯನಿಗೂ, ತಡೆಯಹೋದ ಸ್ಥಳೀಯ ತರುಣನಿಗೂ ಗಾಯವಾಯಿತು. ಹೈದರಾಬಾದಿನ ಓದುಗರಿಗೆ ನೆನಪಿರಬೇಕು, ಆ ದಿನಗಳಲ್ಲಿ ಟಿ.ವಿ.ಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಅಕ್ಕ ದಿನಕ್ಕೆ ಎರಡು ಸಲ ಧಾರವಾಡದಿಂದ ಮಗನಿಗೆ ಫೋನು ಮಾಡುತ್ತಿದ್ದಳು, ಅದಾದ ಮೇಲೆ ನನಗೆ. “ಆ ಮೂಳನ್ನ ಗಲ್ಲಿಗೆ ಹಾಕಬೇಕೋ ಬ್ಯಾಡೋ, ನೀ ಕೋರ್ಟಿನಾಗ ಇದ್ದಾಂವ, ಹೇಳು” ಅಂತಿದ್ದಳು. ಹಾಕಬೇಕು ಅಂದೆ. ನಿಸ್ಸಂಶಯವಾಗಿ ಅಂದೆ.

ಹಾಕಲಿಲ್ಲ. ಹಾಕುವುದು ಸಾಧ್ಯವೂ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಕಾನ್ಸಾಸ್‌ನಲ್ಲಿ ಮರಣದಂಡನೆ ಇದೆ, 1994ರಲ್ಲಿ ವಾಪಸು ತಂದರು. ಅಂದಿನ ಗವರ್ನರ್ ಜೋನ್ ಫಿನ್ನಿ ಸಹಿ ಮಾಡದೇ ಅದು ಕಾಯ್ದೆಯಾಗಲು ಬಿಟ್ಟರು. ಆದರೆ ಅವರ ಪಟ್ಟಿ ಬಹಳ ಚಿಕ್ಕದು, ಏಳು ಬಗೆಯ ಕೊಲೆ. ಸುಪಾರಿ, ಪೊಲೀಸನ ಕೊಲೆ, ಒಬ್ಬರಿಗಿಂತ ಹೆಚ್ಚು ಜನರ ಕೊಲೆ, ಹೀಗೆ. ಬಾರಿನಲ್ಲಿ ಸತ್ತವರು ಒಬ್ಬರೇ. ಗಾಯಗೊಂಡ ಇಬ್ಬರಲ್ಲಿ ಒಬ್ಬ ಬದುಕದೇ ಇದ್ದಿದ್ದರೆ ಕಲಮೇ ಬೇರೆಯಾಗುತ್ತಿತ್ತು. ಹಾಗಾಗಿ ಜೀವಾವಧಿ, 50 ವರ್ಷದವರೆಗೆ ಪೆರೋಲಿನ ಮಾತಿಲ್ಲ. ಕೇಂದ್ರ ಸರಕಾರ ದ್ವೇಷಾಪರಾಧದ ಕೇಸು ಬೇರೆ ಹಾಕಿತು, ಅಲ್ಲಿ ತಪ್ಪೊಪ್ಪಿಕೊಂಡ, 2018ರ ಆಗಸ್ಟಿನಲ್ಲಿ ಅಲ್ಲಿಯೂ ಜೀವಾವಧಿ. ಮರಣದಂಡನೆಯಾದವರನ್ನೂ ಕಾನ್ಸಾಸ್ ಕೊಂದಿಲ್ಲ. ಕೊನೆಯದಾಗಿ ಗಲ್ಲಿಗೇರಿಸಿದ್ದು 1965ರಲ್ಲಿ.

ಒಂದೇ ಬಗೆಯ ದ್ವೇಷ. ಮೆಸ್ಕೀಟ್‌ನಲ್ಲಿ ಗಲ್ಲಾಪೆಟ್ಟಿಗೆಯ ಮಾತೊಂದು ಬಂದದ್ದಕ್ಕೆ ಸಾವು, ಓಲೇಥಾದಲ್ಲಿ ಬದುಕು. ಅರಿಜೋನಾದ ಮೇಸಾದಲ್ಲಿ 2001ರಲ್ಲೇ ಬಲಬೀರ್ ಸಿಂಗ್ ಸೋಢಿಯವರನ್ನು ಪಗಡಿ ನೋಡಿ ಕೊಂದವನಿಗೆ ಮೊದಲು ಮರಣದಂಡನೆ, ಆಮೇಲೆ ಅಲ್ಲಿನ ಸುಪ್ರೀಂ ಕೋರ್ಟು ಇಳಿಸಿ ಜೀವಾವಧಿ.

ಓಲೇಥಾ ಎಂಬ ಬೋರ್ಡು ಹೆದ್ದಾರಿಯಲ್ಲಿ ಬಂತು, ಹೋಯಿತು. ಇಳಿಯಲಿಲ್ಲ. ಇನ್ನು ಅರ್ಧ ತಾಸಿನಲ್ಲಿ ಸ್ಟೇಟ್ ಲೈನ್ ರೋಡ್ ಸಿಗುತ್ತದೆ, ಅಲ್ಲಿ ನಿಲ್ಲೋಣ ಎಂದೆ.

ಕಾನ್ಸಾಸ್ ಸಿಟಿ ಎರಡು ರಾಜ್ಯಗಳಲ್ಲಿ ಹಂಚಿಹೋದ ಊರು. ಸ್ಟೇಟ್ ಲೈನ್ ರೋಡ್ ಹೆಸರಿಗೆ ತಕ್ಕ ಹಾಗೆ ಗಡಿಯೇ. ಪಶ್ಚಿಮದ ಫುಟ್‌ಪಾತು ಕಾನ್ಸಾಸ್, ಪೂರ್ವದ್ದು ಮಿಸೌರಿ. ಮರಗಳ ನೆರಳಿನ ಮಾಮೂಲಿ ರಸ್ತೆ, ಎರಡೂ ಕಡೆ ಚೆಂದದ ಮನೆಗಳು. ನಾಯಿ ಹಿಡಿದುಕೊಂಡ ಹೆಂಗಸೊಬ್ಬಳು ಸಿಗ್ನಲ್ ನೋಡಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿದಳು. ಪಶ್ಚಿಮದ ಕಡೆ 60 ವರ್ಷದಿಂದ ಒಬ್ಬನನ್ನೂ ಕೊಂದಿಲ್ಲ. ಪೂರ್ವದ ಕಡೆ 1976ರಿಂದ ಈಚೆಗೆ ನೂರು ದಾಟಿದೆ. ಮಿಸೌರಿಯ ಪಟ್ಟಿ ಉದ್ದ. ಹೆಚ್ಚು ಜನರ ಜೀವಕ್ಕೆ ಅಪಾಯವಾಗುವ ಆಯುಧದಿಂದ ಕೊಂದರೆ ಎಂಬ ಕಲಮೂ ಅದರಲ್ಲಿದೆ. ಜನ ತುಂಬಿದ ಬಾರಿನಲ್ಲಿ ಗುಂಡು ಹಾರಿಸಿದ್ದು ಅದಕ್ಕೆ ಬರುತ್ತಿತ್ತೇ? ವಕೀಲರು ವಾದಿಸಬಹುದಿತ್ತು. ಜ್ಯೂರಿ ಒಮ್ಮತಕ್ಕೆ ಬಾರದಿದ್ದರೆ ಇಲ್ಲಿ ಜಡ್ಜೇ ಸಾವಿನ ಶಿಕ್ಷೆ ಕೊಡಬಹುದು. ಹೆಚ್ಚಿನ ರಾಜ್ಯಗಳಲ್ಲಿ ಹಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮಾರ್ಸೆಲಸ್ ವಿಲಿಯಮ್ಸ್ ಎಂಬುವನನ್ನು ಮಿಸೌರಿ ಕೊಂದಾಗ, ಅವನಿಗೆ ಶಿಕ್ಷೆ ಕೊಡಿಸಿದ ಕೌಂಟಿಯ ಸರಕಾರಿ ವಕೀಲರ ಕಚೇರಿಯೇ ಆ ಶಿಕ್ಷೆ ರದ್ದಾಗಲಿ ಎಂದು ಕೋರ್ಟಿಗೆ ಹೋಗಿತ್ತು.

ಓಲೇಥಾದ ಕೊಲೆಗಾರ ಅಂದು ರಾತ್ರಿ ಈ ಗಡಿ ದಾಟಿದ್ದ. ಸಿಕ್ಕಿಬಿದ್ದದ್ದು ಮಿಸೌರಿಯ ಕ್ಲಿಂಟನ್ ಎಂಬ ಊರಿನಲ್ಲಿ. ಅಲ್ಲಿ ಮತ್ತೊಂದು ಬಾರಿನಲ್ಲಿ ಇರಾನಿಗಳನ್ನು ಕೊಂದು ಬಂದೆ ಎಂದು ಹೇಳಿಕೊಂಡಿದ್ದ. ಬಡಿಸುತ್ತಿದ್ದವಳು ಪೊಲೀಸರಿಗೆ ಫೋನು ಮಾಡಿದಳು. ಹಿಡಿದ ನೆಲದ ಕಾನೂನು ಹಿಡಿಯುವುದಿಲ್ಲ, ಕೊಂದ ನೆಲದ್ದು. ಅವನನ್ನು ವಾಪಸು ಕಳಿಸಿದರು.

ಗುರು ಕಾಫಿ ತಂದ. ಮಿಸೌರಿ ಕಡೆಯ ಅಂಗಡಿಯದು. ರಸ್ತೆ ದಾಟಿ ಬಂದು ನನ್ನ ಕೈಗೆ ಕೊಟ್ಟ.

“ಮಾಮಾ, ಅವತ್ತ ಸತ್ತಾಂವ ನಾನಾಗಿದ್ರ ನೀವು ಏನು ಕೇಳ್ತಿದ್ರಿ?”

“ಬಿಡ್ತು ಅನ್ನೋ.”

“ಬಿಡ್ತು. ಆದ್ರೂ ಹೇಳ್ರಿ.”

“ಗಲ್ಲು ಅಂತಿದ್ದೆ. ನಿಮ್ಮವ್ವ ಅಂತಿದ್ಲು, ನಾನೂ ಅಂತಿದ್ದೆ.”

“ಈ ಫುಟ್‌ಪಾತಿನ ಮ್ಯಾಲೋ, ಆ ಫುಟ್‌ಪಾತಿನ ಮ್ಯಾಲೋ?”

ನಾನು ಉತ್ತರ ಕೊಡಲಿಲ್ಲ. ಅವನೂ ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ, ಆಗ ವಿಚಿಟಾದ ಭಾರತೀಯ ಹುಡುಗರ ನಡುವೆ ಗಲ್ಲಿನ ಮಾತು ಯಾರೂ ಆಡಲಿಲ್ಲವಂತೆ. ಅವರು ಆಡಿದ್ದು ಶ್ರೀನಿವಾಸರ ಹೆಂಡತಿ ಸುನಯನಾ ಅವರ ವೀಸಾದ ಮಾತು. ಗಂಡ ಸತ್ತ ಕೂಡಲೇ ಅವರು ಆ ದೇಶದಲ್ಲಿ ಇರುವ ಹಕ್ಕೂ ಹೋಯಿತು. ಅಂತ್ಯಕ್ರಿಯೆಗೆ ಹೈದರಾಬಾದಿಗೆ ಹೋದವರು ವಾಪಸು ಬರಲು ಒಬ್ಬ ಸಂಸದನ ನೆರವು ಬೇಕಾಯಿತು. “ನಮ್ಮವ್ವ ಅವ್ನ ಗಲ್ಲಿನ ಚಿಂತಿ ಮಾಡ್ತಿದ್ಲು. ನಾವೆಲ್ಲ ಆಕಿ ಸ್ಟೇಟಸ್ ಏನಾತು ಅಂತ ಚಿಂತಿ ಮಾಡ್ತಿದ್ವಿ.” ಎಂಟು ವರ್ಷದಲ್ಲಿ ಈ ಮಾತು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದ ಮುಂದಿನ ದಾರಿ ಬೇಗ ಸಾಗಿತು. ಅಯೋವಾ ಎಂದರೆ ಜೋಳದ ಹೊಲ, ಮತ್ತೆ ಜೋಳದ ಹೊಲ. ಈ ರಾಜ್ಯ 1872ರಲ್ಲಿ ಮರಣದಂಡನೆ ತೆಗೆದುಹಾಕಿ, 1878ರಲ್ಲಿ ವಾಪಸು ತಂದು, 1965ರಲ್ಲಿ ಮತ್ತೆ ತೆಗೆದುಹಾಕಿತು. ಅಲ್ಲಿನ ನೆಲದಲ್ಲಿ ಕೊನೆಗೆ ಗಲ್ಲಿಗೇರಿದವನು ರಾಜ್ಯದ ಕೈದಿಯಲ್ಲ, ಕೇಂದ್ರದವನು: ವಿಕ್ಟರ್ ಫೆಗರ್, 1963ರ ಮಾರ್ಚ್‌ನಲ್ಲಿ. ಗವರ್ನರ್ ಹೆರಾಲ್ಡ್ ಹ್ಯೂಸ್ ಅವನಿಗಾಗಿ ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡರು, ಕೆನಡಿ ಒಪ್ಪಲಿಲ್ಲ. ಎರಡು ವರ್ಷದ ಮೇಲೆ ರದ್ದತಿಗೆ ಸಹಿ ಹಾಕಿದವರು ಅದೇ ಹ್ಯೂಸ್. ಫೆಗರ್ ಕೊನೆಯ ಊಟಕ್ಕೆ ಕೇಳಿದ್ದು ಒಂದೇ ಒಂದು ಆಲಿವ್ ಹಣ್ಣು, ಬೀಜ ಸಹಿತ.

ಮಿನ್ನೆಸೋಟ 1911ರಿಂದ ಯಾರನ್ನೂ ಕೊಲ್ಲುವ ಕಾಯ್ದೆ ಇಟ್ಟುಕೊಂಡಿಲ್ಲ. ಅದಕ್ಕೆ ಕಾರಣ ಹಗ್ಗದ ಅಳತೆ. 1906ರಲ್ಲಿ ಸೇಂಟ್ ಪಾಲ್‌ನಲ್ಲಿ ವಿಲಿಯಂ ವಿಲಿಯಮ್ಸ್ ಎಂಬುವನನ್ನು ಗಲ್ಲಿಗೇರಿಸುವಾಗ ಹಗ್ಗ ಉದ್ದವಾಗಿ ಕಾಲು ನೆಲಕ್ಕೆ ತಾಗಿತು. ಪೊಲೀಸರು ಹಗ್ಗ ಎಳೆದು ಹಿಡಿದು ನಿಂತರು, ಜೀವ ಹೋಗಲು ಹದಿನಾಲ್ಕು ನಿಮಿಷದ ಮೇಲಾಯಿತು. ಇಂಥದ್ದನ್ನು ಪತ್ರಿಕೆಯವರು ನೋಡಬಾರದು, ಬರೆಯಬಾರದು ಎಂದು ಅಲ್ಲಿ ಆಗ ಕಾನೂನಿತ್ತು. ಆದರೂ ಬರೆದರು, ದಂಡ ಕಟ್ಟಿದರು. ಆಮೇಲೆ ಅಲ್ಲಿ ಮತ್ತೆ ಯಾರನ್ನೂ ಗಲ್ಲಿಗೇರಿಸಲಿಲ್ಲ. ಇದೇ ರಾಜ್ಯದ ಮ್ಯಾನ್‌ಕೇಟೊದಲ್ಲಿ 1862ರಲ್ಲಿ 38 ಡಕೋಟಾ ಬುಡಕಟ್ಟಿನವರನ್ನು ಒಂದೇ ಅಟ್ಟಣೆಯ ಮೇಲೆ ಒಟ್ಟಿಗೆ ನೇತುಹಾಕಿದ್ದರು. ಅಮೆರಿಕಾದ ಇತಿಹಾಸದಲ್ಲಿ ಒಂದೇ ದಿನ ಅಷ್ಟು ಜನರನ್ನು ಹಾಗೆ ಕೊಂದದ್ದು ಇನ್ನೊಂದಿಲ್ಲ. ಮ್ಯಾನ್‌ಕೇಟೊ ಹೆದ್ದಾರಿಯಿಂದ ಪಶ್ಚಿಮಕ್ಕೆ. ಹೋಗೋಣವೇ ಎಂದು ಗುರು ಕೇಳಿದ. ನನಗೆ ಸಾಕಾಗಿತ್ತು.

ಮಿನಿಯಾಪೊಲಿಸ್‌ನ ಹೊಸ ಮನೆಯಲ್ಲಿ ಸಾಮಾನು ಬಂದು ಬಿದ್ದಿತ್ತು. ಮೊದಲು ಕುಕ್ಕರ್ ಹುಡುಕಿ ಅನ್ನ ಮಾಡಿದೆವು. ಆ ರಾತ್ರಿ ಧಾರವಾಡಕ್ಕೆ ಫೋನು ಮಾಡಿದಾಗ ಅಕ್ಕ ಕೇಳಿದ್ದು ಊರು ಹೆಂಗದ, ಥಂಡಿ ಎಷ್ಟದ, ಅಷ್ಟೇ. ಫೋನು ಇಡುವ ಮುಂಚೆ, “ಅಲ್ಲಿ ಮಂದಿ ಛಲೋ ಇದ್ದಾರೇನೋ?” ಅಂದಳು. ಇದ್ದಾರ ಅಂದೆ.

ಹೊಸದಾಗಿ ಬಂದವರು 60 ದಿನದೊಳಗೆ ಈ ರಾಜ್ಯದ ಲೈಸೆನ್ಸು ಮಾಡಿಸಿಕೊಳ್ಳಬೇಕು. ಗುರು ಮುಂದಿನ ವಾರವೇ ಹೋಗಿ ಎಲ್ಲ ಮುಗಿಸಿ ಬಂದ. ಸಂಜೆ ಸ್ಕ್ರೂಡ್ರೈವರ್ ಹಿಡಿದು ಕಾರಿನ ಮುಂದೆ ಕೂತು ಟೆಕ್ಸಾಸಿನ ಪ್ಲೇಟು ಬಿಚ್ಚತೊಡಗಿದ. ಒಂದು ಸ್ಕ್ರೂ ತುಕ್ಕು ಹಿಡಿದಿತ್ತು, ನಾನು ಟಾರ್ಚು ಹಿಡಿದೆ.